ಜೋಗಿಮಟ್ಟಿ ಕಾಡು ನೋಡುವ ಬಗೆ: ಹೊರಡುವ ಮುನ್ನ, ಹತ್ತುವಾಗ, ಇಳಿಯುವಾಗ

ಚಿತ್ರದುರ್ಗದ ಕೋಟೆ ಹತ್ತಿ ದಕ್ಷಿಣಕ್ಕೆ ತಿರುಗಿ ನಿಂತರೆ ಒಂದರ ಹಿಂದೊಂದು ಗುಡ್ಡದ ಸಾಲು ಕಾಣುತ್ತದೆ. ಸಾಲಿನ ಬೆನ್ನ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಅದೇ ಜೋಗಿಮಟ್ಟಿಯ ಕಡೆ. ಊರಿನಿಂದ ನೆತ್ತಿಗೆ ಸುಮಾರು 10 ಕಿ.ಮೀ. ದಾರಿ. ನೆತ್ತಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 3,800 ಅಡಿ, ಅಂದರೆ ಊರಿಗಿಂತ ಸುಮಾರು 1,400 ಅಡಿ ಮೇಲೆ. ಮಟ್ಟಿ, ಮರಡಿ ಎಂದರೆ ನಮ್ಮ ಸೀಮೆಯಲ್ಲಿ ಗುಡ್ಡ. ಹಳೆಯ ಗೆಜೆಟಿಯರಿನಲ್ಲಿ ಈ ಗುಡ್ಡದ ಹೆಸರು ಜೋಗಿ ಮರಡಿ ಎಂದೇ ಇದೆ. ಸುತ್ತಲಿನ ಸುಮಾರು ನೂರು ಚದರ ಕಿಲೋಮೀಟರ್ ಕಾಡು ಇಂದು ವನ್ಯಜೀವಿಧಾಮ.

ಇಲ್ಲಿಗೆ ಬಂದವರಲ್ಲಿ ಅರ್ಧದಷ್ಟು ಮಂದಿ ಗಾಳಿಗೆ ಕೂದಲು ಹಾರಿಸಿಕೊಂಡು, ನಾಲ್ಕು ಫೋಟೋ ತೆಗೆದು, 'ಕಾಡೆಲ್ಲಿದೆ?' ಎಂದು ಕೇಳಿ ಇಳಿಯುತ್ತಾರೆ. ಮಲೆನಾಡಿನ ಕಾಡು ನೋಡಿದ ಕಣ್ಣಿಗೆ ಇದು ಕಾಡಾಗಿ ಕಾಣುವುದೇ ಇಲ್ಲ. ಮುಗಿಲು ಮುಚ್ಚುವ ಮರಗಳಿಲ್ಲ, ಜಿಗಣೆಯಿಲ್ಲ, ವರ್ಷವಿಡೀ ಹರಿಯುವ ಹೊಳೆಯಿಲ್ಲ. ಇದು ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯಲ್ಲೇ ಬದುಕು ಹೊಂದಿಸಿಕೊಂಡಿರುವ, ಎಲೆ ಉದುರಿಸುವ ಒಣಕಾಡು. ನಡುನಡುವೆ ಕುರುಚಲು, ಬಾದೆಹುಲ್ಲು, ಬಂಡೆ. ಇಲ್ಲಿ ತೊಡೆ ಗಾತ್ರದ ಮರಕ್ಕೆ ಮಲೆನಾಡಿನ ಅಪ್ಪುವಷ್ಟು ದಪ್ಪದ ಮರಕ್ಕಿಂತ ಹೆಚ್ಚು ವಯಸ್ಸಾಗಿರಬಹುದು. ಬೆಳವಣಿಗೆ ಅಷ್ಟು ನಿಧಾನ. ಆದ್ದರಿಂದ ನೋಡುವವರೂ ನಿಧಾನವಾಗಬೇಕು. ಹೊತ್ತಿಗೆ ಮುಂಚೆ ಬರಬೇಕು, ಮೆಲ್ಲಗೆ ನಡೆಯಬೇಕು, ಕಣ್ಣನ್ನು ಮೇಲಕ್ಕಲ್ಲ, ನೆಲದ ಕಡೆಗೆ ಇಡಬೇಕು. ಕೆಳಗಿನ ಸೂಚನೆಗಳೆಲ್ಲ ಈ ಮೂರಕ್ಕೆ ಬೇಕಾದ ಸಿದ್ಧತೆಗಳೇ.

ಯಾವ ತಿಂಗಳು

ಮೊದಲ ಸಲ ಬರುವವರಿಗೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ದಿನಗಳೇ ಸರಿ. ಈ ಜಿಲ್ಲೆಗೆ ನೆಚ್ಚಿಕೆಯ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದಾದ ಮೇಲೆ ಹುಲ್ಲು ಸೊಂಟದವರೆಗೆ ಬೆಳೆದಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಬಿಸಿಲು ಇನ್ನೂ ಎಳೆಯದು.

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಕಡಿಮೆಯಾದರೂ ನೆತ್ತಿಯ ಮೇಲೆ ಮಂಜು ಮತ್ತು ಗಾಳಿ ಜೋರು. ಆ ಗಾಳಿಯನ್ನು ನಂಬಿಯೇ ಇಲ್ಲಿ ಗಾಳಿಯಂತ್ರಗಳನ್ನು ನೆಟ್ಟಿರುವುದು. ಮಂಜಿಗಾಗಿಯೇ ಬರುವವರು ಆಗ ಬರಲಿ. ಆದರೆ ಪ್ರಾಣಿ, ಹಕ್ಕಿ ಹೆಚ್ಚು ಕಂಡಾವೆಂಬ ಆಸೆ ಬೇಡ. ಜನವರಿ, ಫೆಬ್ರವರಿಯಲ್ಲಿ ಎಲೆ ಬಣ್ಣ ತಿರುಗಿ ಉದುರತೊಡಗುತ್ತದೆ. ಮರೆ ಕಡಿಮೆಯಾಗುವುದರಿಂದ ಹಕ್ಕಿ ನೋಡುವವರಿಗೆ ಇದು ಒಳ್ಳೆಯ ಕಾಲ. ಫೆಬ್ರವರಿ ಕೊನೆಗೆ ಬೋಳು ಕಾಡಿನ ನಡುವೆ ಮುತ್ತುಗ ಕೆಂಡದಂತೆ ಹೂಬಿಡುತ್ತದೆ.

ಮಾರ್ಚ್‌ನಿಂದ ಮೊದಲ ಹದ ಮಳೆಯವರೆಗೆ ಬರುವುದು ಬೇಡ ಎಂಬುದು ನಮ್ಮ ಖಚಿತ ಸಲಹೆ. ಬಿಸಿಲೊಂದೇ ಕಾರಣವಲ್ಲ. ಒಣಹುಲ್ಲಿನ ಗುಡ್ಡಕ್ಕೆ ಗಾಳಿ ಸೇರಿದರೆ ಒಂದು ಬೀಡಿ ತುಂಡು ಸಾಕು. ಬೆಂಕಿ ಮೇಲ್ಮುಖವಾಗಿ ಓಡುವ ವೇಗಕ್ಕೆ ಮನುಷ್ಯ ಏದುಸಿರು ಬಿಟ್ಟು ಓಡಿದರೂ ಸಾಲದು. ಅರಣ್ಯ ಸಿಬ್ಬಂದಿ ಆ ತಿಂಗಳುಗಳಲ್ಲಿ ಬೆಂಕಿ ಕಾಯುವ ಕೆಲಸದಲ್ಲಿರುತ್ತಾರೆ. ನಿಮ್ಮ ಜೊತೆ ಬರುವ ವಾಚರ್ ಒಬ್ಬ ಕಡಿಮೆಯಾದರೆ ಕಾಡಿಗೆ ಕಾವಲು ಒಂದು ಕಡಿಮೆಯಾದಂತೆ.

ಅನುಮತಿ

ಡಾಂಬರು ರಸ್ತೆಯಲ್ಲಿ ನೆತ್ತಿಯವರೆಗೆ ಹೋಗಿ ಬರುವುದು ಒಂದು ಬಗೆ, ಕಾಡಿನೊಳಗಿನ ಕಾಲುದಾರಿಯಲ್ಲಿ ನಡೆಯುವುದು ಇನ್ನೊಂದು. ಮೊದಲನೆಯದಕ್ಕೆ ಗೇಟಿನಲ್ಲಿ ಹೆಸರು, ವಾಹನದ ಸಂಖ್ಯೆ ಬರೆಸಿ ಶುಲ್ಕ ಕಟ್ಟುವ ಕ್ರಮ. ಎರಡನೆಯದಕ್ಕೆ ಮುಂಚಿತವಾಗಿ ಚಿತ್ರದುರ್ಗದ ಅರಣ್ಯ ಕಚೇರಿಯಿಂದ ಲಿಖಿತ ಅನುಮತಿ ಬೇಕು. 'ಗೇಟಿನಲ್ಲೇ ಮಾತಾಡೋಣ' ಎಂದು ಬಂದವರು ಅಲ್ಲೇ ತಡೆಸಿಕೊಂಡು, ಗಾರ್ಡ್ ಜೊತೆ ವಾದಕ್ಕಿಳಿದು, ಬೆಳಗಿನ ಒಳ್ಳೆಯ ಹೊತ್ತನ್ನೆಲ್ಲ ಕಳೆದುಕೊಳ್ಳುತ್ತಾರೆ. ಗೇಟಿನ ಸಿಬ್ಬಂದಿಗೆ ಆ ಅಧಿಕಾರವೇ ಇಲ್ಲ.

ಹೊರಡುವುದಕ್ಕೆ ಹತ್ತು ಹದಿನೈದು ದಿನ ಮೊದಲು ಒಂದು ಪುಟದ ಅರ್ಜಿ ಕೊಡಿ. ಅದರಲ್ಲಿ ದಿನಾಂಕ, ಬರುವ ಎಲ್ಲರ ಹೆಸರು, ವಯಸ್ಸು, ಗುರುತಿನ ಚೀಟಿಯ ಪ್ರತಿ, ವಾಹನದ ಸಂಖ್ಯೆ, ನಡೆಯಬೇಕೆಂದಿರುವ ದಾರಿ, ಉದ್ದೇಶ ಇರಲಿ. ಉದ್ದೇಶವನ್ನು ಸ್ಪಷ್ಟವಾಗಿ ಬರೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮು ವನ್ಯಜೀವಿ ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ, ಒಳಗೆ ವಾಸಿಸುವವರೊಡನೆ ಕಾನೂನುಬದ್ಧ ವ್ಯವಹಾರ ಎಂದು ಪ್ರವೇಶದ ಉದ್ದೇಶಗಳನ್ನು ಹೆಸರಿಸಿಯೇ ಹೇಳುತ್ತದೆ. ದೊಡ್ಡ ಕ್ಯಾಮೆರಾ ತರುವವರು ಛಾಯಾಗ್ರಹಣವನ್ನು ಬೇರೆಯಾಗಿ ನಮೂದಿಸಬೇಕು. ಡ್ರೋನ್‌ಗೆ ಪ್ರತ್ಯೇಕ ಅನುಮತಿ ಬೇಕು. ಬಂಡೆಯಲ್ಲಿ ಗೂಡು ಕಟ್ಟುವ ಹಕ್ಕಿಗಳ ಮಟ್ಟಿಗೆ ಅದನ್ನು ತರದಿರುವುದೇ ಉಪಕಾರ.

ಅದೇ ಕಾಯ್ದೆಯ ಇನ್ನೂ ಕೆಲವು ಮಾತು ತಿಳಿದಿರಲಿ. 29ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಕಾಡಿನ ಉತ್ಪನ್ನ ತೆಗೆಯುವಂತಿಲ್ಲ. ಸೀತಾಫಲ, ನೆಲ್ಲಿಕಾಯಿಗೂ ಇದೇ ಮಾತು. 30ನೇ ಕಲಮು ಬೆಂಕಿ ಹಚ್ಚುವುದನ್ನೂ ಉರಿಯುವ ವಸ್ತು ಬಿಟ್ಟುಬರುವುದನ್ನೂ ತಡೆಯುತ್ತದೆ. 31ನೇ ಕಲಮು ಆಯುಧದೊಡನೆ ಪ್ರವೇಶವನ್ನು ನಿಷೇಧಿಸುತ್ತದೆ, ಮತ್ತು ಕಾಯ್ದೆಯ ವ್ಯಾಖ್ಯೆಯಲ್ಲಿ ಚಾಕುವೂ ಆಯುಧವೇ. ಹಣ್ಣನ್ನು ಮನೆಯಲ್ಲೇ ಹೆಚ್ಚಿಕೊಂಡು ಬನ್ನಿ. ಗೇಟಿನ ಸಮಯ, ಶುಲ್ಕ ಆಗಾಗ ಬದಲಾಗುತ್ತವೆ. ಹಿಂದಿನ ದಿನ ಕಚೇರಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಬರುವ ದಾರಿ

ಚಿತ್ರದುರ್ಗ ಬೆಂಗಳೂರು–ಪುಣೆ ಹೆದ್ದಾರಿ 48ರ ಮೇಲಿದೆ. ಬೆಂಗಳೂರಿನಿಂದ ಸುಮಾರು 200 ಕಿ.ಮೀ., ದಾವಣಗೆರೆಯಿಂದ ಭರಮಸಾಗರದ ಮೇಲೆ ಸುಮಾರು 60 ಕಿ.ಮೀ. ದಾವಣಗೆರೆಯವರು ನಸುಕಿನಲ್ಲಿ ಎದ್ದು ಹೊರಟರೂ ಗೇಟ್ ತೆರೆಯುವ ಹೊತ್ತಿಗೆ ತಲುಪಬಹುದು. ಬೆಂಗಳೂರಿನವರು ಹಿಂದಿನ ಸಂಜೆಯೇ ಬಂದು ಊರಲ್ಲಿ ಉಳಿಯಬೇಕು. ರಾತ್ರಿಯೆಲ್ಲ ಗಾಡಿ ಓಡಿಸಿ ಬಂದು ನೇರ ಗುಡ್ಡ ಹತ್ತುವುದು ಬೇಡ. ನಿದ್ದೆಗೆಟ್ಟ ಚಾಲಕನಿಗೆ ಇಳಿಜಾರಿನ ತಿರುವು ಅಪಾಯ.

ಬಸ್ಸಿನಲ್ಲಿ ಬಂದವರು ಊರಿನಿಂದ ಆಟೋ ಮಾಡಿಕೊಂಡು ಗುಡ್ಡದ ಬುಡದ ಆಡುಮಲ್ಲೇಶ್ವರದವರೆಗೆ ಬರಬಹುದು. ಹಿಂದಿರುಗಲು ಅದೇ ಆಟೋದವರೊಂದಿಗೆ ಹೊತ್ತು ಗೊತ್ತುಮಾಡಿಕೊಂಡೇ ಕಳಿಸಿ. ಒಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕ್ಷೆಯನ್ನು ಊರಲ್ಲೇ ಇಳಿಸಿಟ್ಟುಕೊಳ್ಳಿ.

ಚೀಲದಲ್ಲಿ ಏನಿರಬೇಕು

ಮೊದಲು ನೀರು. ಅರ್ಧ ದಿನದ ನಡಿಗೆಗೆ ತಲೆಗೆ 3 ಲೀಟರ್, ಫೆಬ್ರವರಿ ಮಧ್ಯದ ನಂತರವಾದರೆ 4. 'ತಂಪು ಇದೆಯಲ್ಲ' ಎಂದು ಒಂದು ಬಾಟಲಿ ಹಿಡಿದು ಬರುವವರೇ ಹತ್ತು ಗಂಟೆಗೆ ತಲೆನೋವು ಎನ್ನುವುದು. ಗಾಳಿ ಬೀಸುತ್ತಿದ್ದರೆ ಬೆವರು ಅಲ್ಲಲ್ಲೇ ಆರಿಹೋಗುತ್ತದೆ. ಮೈಯಿಂದ ನೀರು ಹೋಗುತ್ತಿರುವುದು ಗೊತ್ತೇ ಆಗುವುದಿಲ್ಲ. ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯುವ ರೂಢಿ ಇಟ್ಟುಕೊಳ್ಳಿ. ಒಂದು ಬಾಟಲಿಯಲ್ಲಿ ಸಕ್ಕರೆ-ಉಪ್ಪಿನ ನೀರು ಇರಲಿ: ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ತಲೆತಟ್ಟಿದ 6 ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು. ಉಪ್ಪು ಕಣ್ಣಳತೆಗೆ ಹಾಕಬೇಡಿ. ಹೆಚ್ಚಾದರೆ ಕೆಡುಕೇ.

ಬುತ್ತಿಗೆ ಚಪಾತಿ-ಚಟ್ನಿಪುಡಿ, ಪುಳಿಯೋಗರೆ, ಬೇಯಿಸಿದ ಶೇಂಗಾ ಒಳ್ಳೆಯದು, ಕೆಡುವುದಿಲ್ಲ. ಎಲ್ಲವೂ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಇರಲಿ. ಪ್ಲಾಸ್ಟಿಕ್ ಕವರಿನ ಸರಪರ ಸದ್ದು ಕೇಳಿದರೆ ಸಾಕು, ಗಾಡಿ ನಿಲ್ಲುವ ಜಾಗದ ಕೋತಿಗಳು ಕೈಗೇ ಬರುತ್ತವೆ. ಅವುಗಳಿಗೆ ಒಂದು ಬಾಳೆಹಣ್ಣೂ ಕೊಡಬೇಡಿ. ನೀವು ಕೊಟ್ಟ ಹಣ್ಣಿನ ಸಾಲವನ್ನು ಮುಂದೆ ಬರುವ ಮಗು ಕಚ್ಚಿಸಿಕೊಂಡು ತೀರಿಸಬೇಕಾಗುತ್ತದೆ.

ಬಟ್ಟೆ ಮಾಸಲು ಹಸಿರು ಅಥವಾ ಕಂದು, ಪೂರ್ತಿ ತೋಳು, ಪೂರ್ತಿ ಕಾಲು. ಪ್ಯಾಂಟ್ ನುಣುಪು ಬಟ್ಟೆಯದಾಗಿರಲಿ. ನವೆಂಬರ್ ನಂತರ ಊಬಿನ ಹುಲ್ಲಿನ ಬೀಜ ಸೂಜಿಯಂತೆ ಉಣ್ಣೆ, ಹತ್ತಿ ಸಾಕ್ಸಿನೊಳಗೆ ತಿರುಗಿ ತಿರುಗಿ ಇಳಿಯುತ್ತದೆ, ಚರ್ಮಕ್ಕೂ ಚುಚ್ಚುತ್ತದೆ. ಪ್ಯಾಂಟಿನ ಅಂಚನ್ನು ಸಾಕ್ಸಿನೊಳಗೆ ತುರುಕುವ ಬದಲು ಮೊಣಕಾಲಿನ ಕೆಳಗೆ ಒಂದು ಗಟ್ಟಿ ಬಟ್ಟೆಯ ಪಟ್ಟಿ ಸುತ್ತಿಕೊಂಡರೆ ಈ ಕಾಟ ಮುಕ್ಕಾಲು ಪಾಲು ತಪ್ಪುತ್ತದೆ. ಶೂ ಕಣಕಾಲು ಮುಚ್ಚುವಂಥದ್ದು, ಅಡಿ ಸವೆಯದ್ದು. ಇಲ್ಲಿನ ದಾರಿಯಲ್ಲಿ ಗೋಲಿಯಂಥ ಸಣ್ಣ ಕಲ್ಲುಗಳಿವೆ, ಇಳಿಯುವಾಗ ಕಾಲಡಿಗೆ ಉರುಳುತ್ತವೆ. ನೆತ್ತಿಯ ಮೇಲೆ ಊರಿಗಿಂತ 3 ಡಿಗ್ರಿಯಷ್ಟು ತಂಪು, ಗಾಳಿಗೆ ಅದು ಎಂಟು ಹತ್ತರಂತೆ ಹತ್ತುತ್ತದೆ. ಒಂದು ತೆಳು ಗಾಳಿಯಂಗಿ ಸಾಕು, ದಪ್ಪ ಸ್ವೆಟರ್ ಬೇಡ.

ಇನ್ನು ಸಣ್ಣ ಸಾಮಾನು: ಟಾರ್ಚ್, ಸೀಟಿ, ಅಂಟುಪಟ್ಟಿಯ ಒಂದು ಸುರುಳಿ, ಚಿಮುಟ, ಎರಡು ಅಗಲದ ಬ್ಯಾಂಡೇಜು, ಕಸಕ್ಕೆ ಒಂದು ಚೀಲ. ಸೆಂಟು, ಸುವಾಸನೆಯ ಎಣ್ಣೆ ಬೇಡ. ಕಾರಣ ಮುಂದೆ ಹೆಜ್ಜೇನಿನ ಮಾತಿನಲ್ಲಿ ಬರುತ್ತದೆ.

ಗಾಡಿ ಹತ್ತಿಸುವಾಗ

ತಿಮ್ಮಣ್ಣನಾಯಕನ ಕೆರೆಯ ಕಡೆಯಿಂದ ಬಂದು ಆಡುಮಲ್ಲೇಶ್ವರ ದಾಟಿದ ಮೇಲೆ ರಸ್ತೆ ಕಿರಿದು, ತಿರುವು ಹೆಚ್ಚು. ಮೇಲಕ್ಕೆ ಹತ್ತುವವರಿಗೆ ದಾರಿ ಬಿಡಬೇಕು, ಇಳಿಯುವವರು ನಿಲ್ಲಬೇಕು. ತಿರುವಿಗೆ ಮೊದಲು ಒಂದೇ ಸಲ ಸಣ್ಣಗೆ ಹಾರನ್ ಸಾಕು. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಉದ್ದಕ್ಕೂ ಬ್ರೇಕ್ ತುಳಿದುಕೊಂಡೇ ಬಂದರೆ ಅದು ಕಾದು ಹಿಡಿತ ಬಿಡುತ್ತದೆ. ಗೇರಿಲ್ಲದ ಸ್ಕೂಟರಿಗೆ ಎಂಜಿನ್ನಿನ ತಡೆ ಕಡಿಮೆ, ಆದ್ದರಿಂದ ಒಂದೆರಡು ಕಿ.ಮೀ.ಗೊಮ್ಮೆ ನಿಲ್ಲಿಸಿ ಬ್ರೇಕ್ ಆರಲು ಬಿಡಬೇಕು. ಮಂಜಿದ್ದರೆ ದೀಪ ತಗ್ಗಿನಲ್ಲಿ ಇರಲಿ. ಎತ್ತರದ ದೀಪ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ತಿರುಗಿ ಬರುತ್ತದೆ.

ಗೇಟಿನಲ್ಲಿ ಮಾಡಬೇಕಾದ ಕೆಲಸ

ಗಾಡಿಯಿಂದ ಇಳಿದ ಕೂಡಲೇ ಶೂಗಳನ್ನು ಕಲ್ಲಿಗೆ ಬಡಿದು, ಅಡಿಯ ಮಣ್ಣು ಕೆರೆದು ತೆಗೆಯಿರಿ. ಊರಬದಿಯ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡದ ಬೀಜ, ಹೀಗೆಯೇ ಕಾಡು ಸೇರುವುದು. ಲಾಂಟಾನ ಈಗಾಗಲೇ ಹಬ್ಬಿದ ಕಾಡಿಗೆ ಇನ್ನೊಂದು ಕಳೆಯ ಹೊರೆ ಬೇಡ.

ನಂತರ ಪುಸ್ತಕದಲ್ಲಿ ಹೆಸರು, ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಬರೆಯಿರಿ. ಗುಂಪು ನಾಲ್ಕರಿಂದ ಆರು ಮಂದಿಯದು ಸರಿ. ಇಬ್ಬರಾದರೆ ಒಬ್ಬರಿಗೆ ಏನಾದರೂ ಆದಾಗ ಹೊತ್ತು ತರುವವರಿಲ್ಲ, ಎಂಟಾದರೆ ಸದ್ದು ತಪ್ಪಿಸಲಾಗುವುದಿಲ್ಲ. ವಾಚರ್ ಜೊತೆಗಿರುವುದು ಕಡ್ಡಾಯವೆಂದು ಅಲ್ಲ, ಕಲಿಯುವುದಕ್ಕಾಗಿ ಬೇಕು. ನಮ್ಮ ಕಣ್ಣಿಗೆ ಕಲ್ಲು ಕಾಣುವ ಕಡೆ ಅವರ ಕಣ್ಣಿಗೆ ಕರಡಿ ಕೆರೆದ ಹುತ್ತ ಕಾಣುತ್ತದೆ. ಅವರನ್ನು 'ಅಣ್ಣಾ' ಎಂದು ಮಾತಾಡಿಸಿ, ಅವರು ಮುಂದೆ ನಡೆಯಲಿ, ಅವರು ಕೈಯೆತ್ತಿದರೆ ಎಲ್ಲರೂ ನಿಲ್ಲಿ. ಏಕೆ ಎಂದು ಆಮೇಲೆ ಕೇಳಬಹುದು.

ನಡಿಗೆ

ಕಾಡು ನೋಡುವವರ ವೇಗ ಗಂಟೆಗೆ 2 ಕಿ.ಮೀ.ಗಿಂತ ಹೆಚ್ಚಬಾರದು. ಐವತ್ತು ಹೆಜ್ಜೆ ನಡೆದು, ಒಂದು ನಿಮಿಷ ನಿಂತು, ಸುತ್ತ ಕಿವಿಗೊಡಿ. ಪ್ರಾಣಿಗಳಿಗೆ ನಡೆಯುವ ಮನುಷ್ಯ ಅಪಾಯ, ನಿಂತ ಮನುಷ್ಯ ಸಂಶಯ ಮಾತ್ರ. ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿದ್ದರೆ ನಿಮ್ಮ ವಾಸನೆ ಹಿಂದಕ್ಕೆ ಹೋಗುತ್ತದೆ. ಎರಡು ದಾರಿಗಳಲ್ಲಿ ಒಂದನ್ನು ಆರಿಸುವ ಅವಕಾಶವಿದ್ದರೆ ಗಾಳಿಗೆ ಎದುರಾದದ್ದನ್ನು ಆರಿಸಿ.

ಮೊದಲೇ ಒಂದು ತಿರುಗುವ ಹೊತ್ತು ಗೊತ್ತುಮಾಡಿಕೊಳ್ಳಿ. ಹತ್ತೂವರೆ ಎಂದುಕೊಂಡರೆ ಹತ್ತೂವರೆಗೆ ಎಲ್ಲಿದ್ದರೂ ಹಿಂದಿರುಗಬೇಕು. 'ಇನ್ನೊಂದು ತಿರುವು ನೋಡಿಬಿಡೋಣ' ಎನ್ನುವ ಮಾತಿನಿಂದಲೇ ನೀರು ಮುಗಿಯುವುದು, ದಾರಿ ತಪ್ಪುವುದು. ದಾರಿ ತಪ್ಪಿತೆನಿಸಿದರೆ ಹಳ್ಳದ ಜಾಡು ಹಿಡಿದು ಕೆಳಗಿಳಿಯಬೇಡಿ. ಇಲ್ಲಿನ ಹಳ್ಳಗಳು ನೇರ ಬಂಡೆಯ ಅಂಚಿಗೆ ಬಂದು ನಿಲ್ಲುವುದುಂಟು, ಕರಡಿ ತಂಪಿಗೆ ಮಲಗುವುದೂ ಅಲ್ಲಿಯೇ. ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಿರಿ, ಇಲ್ಲವೇ ಬಯಲು ಬೆನ್ನಿಗೆ ಹತ್ತಿ ಸೀಟಿ ಊದಿ. ಮೂರು ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಮೂರು ಸಲ.

ಕಾಡನ್ನು ಓದುವುದು

ಮೊದಲು ಮರ. ಬೂದು-ಬಿಳಿ ನುಣುಪು ತೊಗಟೆಯ, ಅಲ್ಲಲ್ಲಿ ಹೊಪ್ಪಳೆ ಎದ್ದಂತೆ ಕಾಣುವ ಮರ ದಿಂಡಿಗ. ಎಲೆ ಉದುರುವ ಮುನ್ನ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ತೊಗಟೆಯಿಂದ ಒಸರುವ ಗೋಂದು ತಿನ್ನಲು ಬರುತ್ತದೆ. ಕಪ್ಪು ತೊಗಟೆ ಮೊಸಳೆ ಬೆನ್ನಿನಂತೆ ಚೌಕ ಚೌಕ ಒಡೆದಿದ್ದರೆ ಅದು ತೂಬರೆ, ಬೀಡಿ ಎಲೆಯ ಮರ. ಅದರ ಹಣ್ಣು ಕರಡಿಗೆ ಬಲು ಇಷ್ಟ. ಒಂದೇ ತೊಟ್ಟಿಗೆ ಎರಡು ಎಲೆ ಅಂಟಿಕೊಂಡು ದನದ ಗೊರಸಿನ ಗುರುತಿನಂತೆ ಕಂಡರೆ ಅದು ಕಮರ. ನಮ್ಮ ಜಿಲ್ಲೆಯ ಒಣಗುಡ್ಡಗಳ ಗುರುತಿನ ಮರ ಇದು. ಬೇರು ಬಂಡೆಯ ಸಂದಿನಲ್ಲಿ ಆಳಕ್ಕೆ ಇಳಿಯುತ್ತದೆ. ಮರ ಎಷ್ಟು ಗಟ್ಟಿಯೆಂದರೆ ನೀರಿಗೆ ಹಾಕಿದರೆ ಮುಳುಗುತ್ತದೆ. ಮೇಕೆಗೆ ಇದರ ಎಳೆಚಿಗುರು ಬಹಳ ರುಚಿ, ಅದಕ್ಕೇ ಮೇಯುವ ಜಾಗದಲ್ಲಿ ಹೊಸ ಕಮರ ಮೇಲೇಳುವುದಿಲ್ಲ. ಹಳೆಯ ಮರಗಳ ನಡುವೆ ಸಸಿಗಳು ಇವೆಯೇ ಎಂದು ನೋಡಿ. ಇದ್ದರೆ ಆ ಜಾಗದಲ್ಲಿ ಕಾವಲು ನಡೆದಿದೆ ಎಂದು ಅರ್ಥ.

ಶ್ರೀಗಂಧ ಕಂಡರೆ ಜಾಗದ ಫೋಟೋ ಹಾಕಿ ಊರಿಗೆಲ್ಲ ಸಾರಬೇಡಿ. ಕಳ್ಳರಿಗೆ ಅಷ್ಟು ಸುಳಿವು ಸಾಕು. ಅದು ಅರೆಪರಾವಲಂಬಿ ಮರ, ಬೇರಿನಿಂದ ಪಕ್ಕದ ಗಿಡಗಳ ಬೇರು ಹಿಡಿದು ನೀರು, ಸತ್ವ ಹೀರುತ್ತದೆ. ಸುತ್ತಲಿನ ಕುರುಚಲು ಸವರಿದರೆ ಗಂಧವೂ ಸೊರಗುತ್ತದೆ. 'ಕಸದ ಗಿಡ' ಎಂದು ನಾವು ತುಳಿಯುವುದರಲ್ಲಿ ಯಾವುದು ಯಾರಿಗೆ ಆಸರೆಯೋ ಮೇಲ್ನೋಟಕ್ಕೆ ತಿಳಿಯದು.

ಇನ್ನು ಕೊಂಡುಕುರಿ, ಹುಲ್ಲೆಯ ಜಾತಿಯ ಸಣ್ಣ ಪ್ರಾಣಿ. ಇದನ್ನು ನೋಡಲೆಂದೇ ಬರುವವರಿದ್ದಾರೆ, ಬರಬೇಕಾದದ್ದೇ. ಗಂಡಿಗೆ ನಾಲ್ಕು ಕೊಂಬು. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬಿನದು ಇದೊಂದೇ. ಹಿಂದಿನ ಜೋಡಿ ಒಂದು ಗೇಣಿಗೂ ಕಡಿಮೆ, ಮುಂದಿನದು ಬೆರಳ ಗೆಣ್ಣಿನಷ್ಟು. ತೂಕ 20 ಕೆ.ಜಿ. ಆಸುಪಾಸು, ಎತ್ತರ ಎರಡು ಅಡಿ. ಇದನ್ನು ಕಾಡುಕುರಿಯೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಕಾಡುಕುರಿ ಜಿಂಕೆಯ ಜಾತಿ, ಅದರ ಕೊಂಬು ಉದುರಿ ಮತ್ತೆ ಬರುತ್ತದೆ. ಕೊಂಡುಕುರಿಯ ಕೊಂಬು ಉದುರುವುದಿಲ್ಲ. ಹಿಂಡಾಗಿ ತಿರುಗುವುದಿಲ್ಲ, ಒಂಟಿ ಅಥವಾ ಜೋಡಿ. ಅಪಾಯ ಕಂಡರೆ ಓಡುವ ಬದಲು ಎತ್ತರದ ಹುಲ್ಲಿನಲ್ಲಿ ಅಡಗಿ ಕೂರುತ್ತದೆ, ತೀರ ಹತ್ತಿರ ಹೋದಾಗ ಮಾತ್ರ ಚಂಗನೆ ಹಾರಿ ಮಾಯ. ಆದ್ದರಿಂದ ಪ್ರಾಣಿಗಿಂತ ಮೊದಲು ಅದರ ಹಿಕ್ಕೆ ಹುಡುಕಿ. ಅದು ದಿನವೂ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಹಳೆಯದು ಬೂದು, ಹೊಸದು ಕಪ್ಪು ಹೊಳಪು, ಎರಡೂ ಒಂದೇ ರಾಶಿಯಲ್ಲಿದ್ದರೆ ಅದು ಬಳಕೆಯಲ್ಲಿರುವ ಜಾಗ. ಅಲ್ಲಿ ನಿಲ್ಲಬೇಡಿ, ನೀರಿನ ಕಡೆಯ ದಾರಿಯನ್ನು ನೋಡಿ. ಕೊಂಡುಕುರಿಗೆ ಆಗಾಗ ನೀರು ಬೇಕೇ ಬೇಕು, ನೀರಿನಿಂದ ದೂರ ಹೋಗದು. ಹಳ್ಳದ ಗುಂಡಿಯಿಂದ 40–50 ಮೀಟರ್ ದೂರದಲ್ಲಿ ಬಂಡೆಗೆ ಒರಗಿ ಅರ್ಧ ಗಂಟೆ ಅಲುಗಾಡದೆ ಕೂತರೆ, ಅರ್ಧ ದಿನ ನಡೆದವರಿಗಿಂತ ನಿಮಗೇ ಅವಕಾಶ ಹೆಚ್ಚು. ಗುಂಡಿಯ ಅಂಚಿನಲ್ಲೇ ಕೂರಬೇಡಿ. ನೀವಿರುವಷ್ಟು ಹೊತ್ತೂ ಅದು ಬಾಯಾರಿ ಕಾಯಬೇಕಾಗುತ್ತದೆ. ಇದೇ ಪ್ರಾಣಿಗಾಗಿ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ 2011ರಲ್ಲಿ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿಧಾಮ ಘೋಷಣೆಯಾಯಿತು. ಜೋಗಿಮಟ್ಟಿಯಲ್ಲಿ ಕಣ್ಣು ಪಳಗಿಸಿಕೊಂಡವರು ಅನುಮತಿ ಪಡೆದು ಅಲ್ಲಿಗೂ ಹೋಗಬಹುದು. ಅಲ್ಲಿ ಕಾಡು ಇನ್ನೂ ಒಣ, ಬಿಸಿಲು ಇನ್ನೂ ಹೆಚ್ಚು.

ದಾರಿಯ ಧೂಳಿನಲ್ಲಿ ಹೆಜ್ಜೆ ಕಂಡರೆ ಉಗುರು ನೋಡಿ. ನಾಯಿಯ ಹೆಜ್ಜೆಯ ಮುಂದೆ ಉಗುರಿನ ಚುಕ್ಕೆಯಿರುತ್ತದೆ, ಚಿರತೆಯದಕ್ಕೆ ಇರುವುದಿಲ್ಲ, ನಡೆಯುವಾಗ ಅದು ಉಗುರನ್ನು ಒಳಕ್ಕೆ ಎಳೆದುಕೊಂಡಿರುತ್ತದೆ. ಬರಿಗಾಲಿನ ಮನುಷ್ಯ ನಡೆದಂತೆ ಅಂಗಾಲಿನ ಗುರುತಿದ್ದು, ಮುಂದೆ ಉದ್ದ ಉಗುರಿನ ಗೀರುಗಳಿದ್ದರೆ ಕರಡಿ. ಹುತ್ತದ ಬದಿಯಲ್ಲಿ ಹಸಿ ಮಣ್ಣು ಚೆಲ್ಲಿದ್ದರೆ ಅದು ಈ ರಾತ್ರಿಯದೇ ಕೆಲಸ.

ಕರಡಿ, ಹೆಜ್ಜೇನು, ಹಾವು

ಈ ಕಾಡಿನಲ್ಲಿ ಚಿರತೆಗಿಂತ ಹೆಚ್ಚು ಎಚ್ಚರ ಬೇಕಾದದ್ದು ಕರಡಿಯ ವಿಷಯದಲ್ಲಿ. ಚಿರತೆ ನಿಮ್ಮನ್ನು ಮೊದಲೇ ಕಂಡು ಸರಿದುಹೋಗುತ್ತದೆ. ಕರಡಿಗೆ ದೃಷ್ಟಿ ಮಂದ, ಹುತ್ತ ಬಗೆದು ಗೆದ್ದಲು ಹೀರುವಾಗ ತನ್ನ ಸದ್ದಿನಲ್ಲಿ ನಿಮ್ಮ ಸದ್ದು ಕೇಳಿಸದು. ಹತ್ತು ಹೆಜ್ಜೆ ದೂರದಲ್ಲಿ ತಟ್ಟನೆ ಎದುರಾದರೆ ಬೆದರಿ ಮೇಲೆ ಬೀಳುತ್ತದೆ. ನಸುಕು, ಮುಸ್ಸಂಜೆ ಹೊತ್ತು, ಪೊದೆ ಕವಿದ ತಿರುವು, ಹಣ್ಣು ಬಿಟ್ಟ ತೂಬರೆ, ಬಾರೆ, ಕಾರೆ ಗಿಡದ ಬುಡ, ಇಲ್ಲೆಲ್ಲ ಮೌನ ಬಿಡಿ. ಕೈ ತಟ್ಟಿ, ಮಾತಾಡಿಕೊಂಡು ದಾಟಿ. ಎದುರಾದರೆ ಓಡಬೇಡಿ, ಗುಂಪು ಒತ್ತಿ ನಿಲ್ಲಲಿ, ಮುಖ ತಿರುಗಿಸದೆ ಹಿಂದೆ ಹಿಂದೆ ಸರಿಯಿರಿ. ಮರಿಯನ್ನು ಬೆನ್ನ ಮೇಲೆ ಹೊತ್ತ ತಾಯಿಯಾದರೆ ಇನ್ನೂ ಬೇಗ ಜಾಗ ಬಿಡಿ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಕೈಬೆರಳು ಹೆಣೆದು ಕುತ್ತಿಗೆ ಮುಚ್ಚಿ, ಮುಖ ನೆಲಕ್ಕೆ ಒತ್ತಿ. ಕರಡಿ ಹೆಚ್ಚಾಗಿ ಗಾಯ ಮಾಡುವುದು ಮುಖ, ತಲೆಗೆ. ಚಿರತೆ ಕಂಡರೆ ಬಗ್ಗಬೇಡಿ, ಕುಕ್ಕರಿಸಬೇಡಿ, ಮಕ್ಕಳನ್ನು ಎತ್ತಿಕೊಳ್ಳಿ.

ಹೆಜ್ಜೇನು ಬಂಡೆಯ ಮುಂಚಾಚಿನ ಕೆಳಗೆ ಹಲಗೆಯಂತೆ ತೂಗುತ್ತಿರುತ್ತದೆ. ಸೆಂಟಿನ ವಾಸನೆ, ಹೊಗೆ, ಕಲ್ಲೆಸೆತ, ಇಷ್ಟರಿಂದಲೇ ಕೆರಳುತ್ತದೆ. ಎದ್ದರೆ ಕೈಬೀಸಿ ಓಡಿಸಲು ಹೋಗಬೇಡಿ. ಕುಟುಕಿದ ಜಾಗದಿಂದ ಹೊರಡುವ ವಾಸನೆಯೇ ಉಳಿದ ಹುಳುಗಳನ್ನು ಕರೆಯುತ್ತದೆ. ಬಟ್ಟೆಯಿಂದ ಮುಖ ಮುಚ್ಚಿ, ನಿಲ್ಲದೆ ಓಡಿ, ಗಾಡಿಯೊಳಗೆ ಸೇರಿ ಗಾಜು ಏರಿಸಿ. ನೀರಿಗೆ ಹಾರುವುದು ದಡ್ಡತನ, ತಲೆ ಮೇಲೆತ್ತುವವರೆಗೂ ಅವು ಕಾಯುತ್ತವೆ. ಕೊಂಡಿಯನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತಡಮಾಡದೆ ಆಸ್ಪತ್ರೆ.

ಬಂಡೆ ಸಂದಿಗೆ ಕೈ ಹಾಕಬೇಡಿ, ಬಿದ್ದ ದಿಮ್ಮಿಯನ್ನು ದಾಟುವಾಗ ಮೊದಲು ಅದರ ಮೇಲೆ ಕಾಲಿಟ್ಟು ಆಚೆ ನೋಡಿ ಇಳಿಯಿರಿ. ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಮದ್ದು, ಆಸ್ಪತ್ರೆಯಲ್ಲಿ ಸಿಗುವ ಪ್ರತಿವಿಷ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಬಳೆ, ಗಡಿಯಾರ ತೆಗೆಯಿರಿ, ಮೂಳೆ ಮುರಿದವರಿಗೆ ಕಟ್ಟುವಂತೆ ಕೋಲಿಟ್ಟು ಕೈಯೋ ಕಾಲೋ ಅಲುಗದಂತೆ ಸುತ್ತಿ, ಕಚ್ಚಿದ ಹೊತ್ತು ಬರೆದುಕೊಳ್ಳಿ, ಕಚ್ಚಿಸಿಕೊಂಡವರನ್ನು ಎತ್ತಿಕೊಂಡೇ ತನ್ನಿ, ನಡೆಸಬೇಡಿ. ಊರು 10 ಕಿ.ಮೀ. ಒಳಗೇ ಇದೆ. ಆಂಬುಲೆನ್ಸ್ ಬರಲಿ ಎಂದು ಗುಡ್ಡದ ಮೇಲೆ ಕಾಯುವ ಬದಲು ನಿಮ್ಮ ಗಾಡಿಯಲ್ಲೇ ಜಿಲ್ಲಾಸ್ಪತ್ರೆಗೆ ಇಳಿಯಿರಿ, ದಾರಿಯಲ್ಲಿ 108ಕ್ಕೆ ಕರೆ ಮಾಡಿ ತಿಳಿಸಿ.

ಸಣ್ಣ ಪೀಡೆಯಲ್ಲಿ ದೊಡ್ಡದು ನಸುಗುನ್ನಿ. ಬಳ್ಳಿಯ ಮೇಲೆ ಕಂದು ಮಖಮಲ್ಲಿನ ಹುಣಸೆಯಂತೆ ಕಾಣುವ ಕಾಯಿ ಚಳಿಗಾಲದಲ್ಲಿ ಒಣಗಿ ರೋಮ ಉದುರಿಸುತ್ತದೆ. ತಗುಲಿದರೆ ಪ್ರಾಣ ಹೋಗುವಂಥ ನವೆ. ಉಜ್ಜಿದಷ್ಟೂ ರೋಮ ಒಳಕ್ಕೆ ಇಳಿಯುತ್ತದೆ. ಅಂಟುಪಟ್ಟಿಯನ್ನು ಒತ್ತಿ ಎಳೆದು ರೋಮ ತೆಗೆಯಿರಿ, ಎರಡು ಮೂರು ಸಲ ಹೊಸ ಪಟ್ಟಿಯಿಂದ. ಆಮೇಲೆ ತಣ್ಣೀರು, ಸಾಬೂನು, ಅದೂ ಮನೆಗೆ ಬಂದ ಮೇಲೆ. ಆ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು.

ಹಿಮವತ್ಕೇದಾರ

ಕಾಡಿನೊಳಗಿನ ಈ ಶಿವಸ್ಥಳದಲ್ಲಿ ಬಂಡೆಯ ಗುಹೆಯಿಂದ ನೀರು ಇಳಿದುಬರುತ್ತದೆ. ಬಸವಣ್ಣ, ವೀರಭದ್ರರ ಮೂರ್ತಿಗಳಿವೆ. ಒಣಕಾಡಿನಲ್ಲಿ ನೀರೆಂದರೆ ಏನು ಎಂಬುದು ಇಲ್ಲಿ ನಿಂತರೆ ತಿಳಿಯುತ್ತದೆ. ಮಳೆಗಾಲದ ಕೊನೆಗೆ ನೀರು ಜೋರು. ಪಾಚಿಯ ಬಂಡೆ ಜಾರುತ್ತದೆ, ಹತ್ತುವ ಸಾಹಸ ಬೇಡ. ಇಲ್ಲಿ ಸಾಬೂನು, ಶಾಂಪೂ, ಬಟ್ಟೆ ಒಗೆತ ಯಾವುದೂ ಬೇಡ. ಕರ್ಪೂರ, ಊದುಬತ್ತಿ ಹಚ್ಚುವ ಆಸೆಯಿದ್ದರೂ ತಡೆದುಕೊಳ್ಳಿ, ಕೈಮುಗಿದರೆ ಸಾಕು. ಮೂರು ದಿನ ಮಳೆ ಬಿಟ್ಟ ಮೇಲೂ ಕಾಡಿನ ಮಕ್ಕಳಿಗೆ ಕುಡಿಯಲು ಉಳಿಯುವ ನೀರು ಇದು. ನೀವು ಮಾತ್ರ ಕುಡಿಯಬೇಡಿ, ಕಾಯಿಸದ ನೀರಿಗೆ ಹೊಟ್ಟೆ ಒಗ್ಗದು.

ಇಳಿದ ಮೇಲೆ

ಗೇಟಿನಲ್ಲಿ ವಾಪಸು ಬಂದ ಹೊತ್ತು ಬರೆದು ಸಹಿ ಹಾಕದೆ ಹೋಗಬೇಡಿ. ಸಹಿ ಇಲ್ಲದಿದ್ದರೆ ಸಿಬ್ಬಂದಿ ಇರುಳಲ್ಲಿ ನಿಮ್ಮನ್ನು ಹುಡುಕಲು ಹೊರಡುತ್ತಾರೆ. ಒಯ್ದ ಬಾಟಲಿ, ಕವರ್ ಎಣಿಸಿ ನೋಡಿ. ಉರುಳು, ಹೊಗೆ, ಕಡಿದ ಮರ ಏನಾದರೂ ಕಂಡಿದ್ದರೆ ಅಲ್ಲಿಯೇ ಹೇಳಿ, ಇಲ್ಲವೇ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ. ಮನೆಯಲ್ಲಿ ಸ್ನಾನಕ್ಕೆ ಮುನ್ನ ಕಂಕುಳು, ಸೊಂಟದ ಪಟ್ಟಿ, ಕಿವಿಯ ಹಿಂದೆ, ಮೊಣಕಾಲ ಸಂದಿಯಲ್ಲಿ ರಕ್ತ ಹೀರುವ ಉಣ್ಣೆಹುಳು ಕಚ್ಚಿಕೊಂಡಿದೆಯೇ ನೋಡಿ. ಇದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸುಡುವುದು, ಎಣ್ಣೆ ಹಚ್ಚುವುದು ಬೇಡ.

ಮಧ್ಯಾಹ್ನ ಉಳಿದಿದ್ದರೆ ಹಿರಿಯೂರು ಕಡೆಯ ಮರಡಿಹಳ್ಳಿಗೆ ಹೋಗಿ ದಿಂಬಿನಾಕಾರದ ಲಾವಾ ಬಂಡೆ ನೋಡಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಕರಗಿದ ಕಲ್ಲು ಹೊರಮೈ ತಟ್ಟನೆ ತಣ್ಣಗಾಗಿ, ಒಳಗೆ ಬಿಸಿಯಿದ್ದಂತೆಯೇ ಉರುಟಾಗಿ, ಒಂದರ ಮೇಲೊಂದು ಪೇರಿಸಿದ ದಿಂಬುಗಳಂತೆ ಗಟ್ಟಿಯಾಗಿದೆ. ನೀವು ಬೆಳಗ್ಗೆ ನಡೆದ ಗುಡ್ಡದ ಕಾಲಡಿಯ ಕಲ್ಲೂ ಇದೇ ಪುರಾತನ ಶಿಲಾಪಟ್ಟಿಯದು. ಸುತ್ತಿಗೆ ಮುಟ್ಟಿಸಬೇಡಿ. ನಾಲ್ಕು ಗಂಟೆಯ ನಂತರದ ಓರೆ ಬಿಸಿಲಿನಲ್ಲಿ ಪ್ರತಿ ದಿಂಬಿನ ಅಂಚೂ ಬಿಡಿಬಿಡಿಯಾಗಿ ಕಾಣುತ್ತದೆ.